ಹೃದಯದ ಕದ ತೋರುವ ಪ್ರತಿಧ್ವನಿ

ಲೋಹದ ಒಳಬಿರುಕು ಹುಡುಕುವ ಯಂತ್ರವೊಂದು 1953ರಲ್ಲಿ ಮನುಷ್ಯನ ಎದೆಯ ಮೇಲೆ ಬಂದು ಕೂತಿತು. ಸ್ವೀಡನ್ನಿನ ಲುಂಡ್ ನಗರದ ಹೃದ್ರೋಗ ವೈದ್ಯ ಇಂಗೆ ಎಡ್ಲರ್ ಅವರಿಗೆ ಆಗ ಒಂದು ಚಿಂತೆ. ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸಕರು ಅದನ್ನು ಅಗಲ ಮಾಡುತ್ತಿದ್ದರು. ಆದರೆ ಅದೇ ಕವಾಟ ಸೋರುತ್ತಲೂ ಇದ್ದರೆ? ಅಗಲ ಮಾಡಿದಷ್ಟೂ ಅಪಾಯ. ಎದೆ ತೆರೆಯುವ ಮುನ್ನ ಇದನ್ನು ತಿಳಿಯುವುದೆಂತು?

ಉತ್ತರ ಹುಡುಕಲು ಜೊತೆಯಾದವರು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್. ಮಾಲ್ಮೋ ನಗರದ ಹಡಗು ಕಟ್ಟುವ ಕಾರ್ಖಾನೆಯಲ್ಲಿದ್ದ ಯಂತ್ರವನ್ನು ಅವರು ಪರೀಕ್ಷಿಸಿದರು. ಅದೇ ಅಕ್ಟೋಬರ್‌ನಲ್ಲಿ ಬಡಿಯುವ ಹೃದಯದ ಪ್ರತಿಧ್ವನಿ ದಾಖಲಾಯಿತು. ಎಕೋಕಾರ್ಡಿಯೋಗ್ರಫಿ ಹುಟ್ಟಿದ್ದು ಹೀಗೆ.

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಮಾತ್ರ ಕೇಳಿಸುತ್ತದೆ. ಎಕೋ ಯಂತ್ರದ್ದು ಹಲವು ದಶಲಕ್ಷ ಕಂಪನಗಳ ಶ್ರವಣಾತೀತ ಧ್ವನಿ. ಅದು ಹೃದಯದ ಗೋಡೆ, ಕವಾಟಗಳಿಗೆ ತಾಗಿ ಮರಳುತ್ತದೆ. ಹತ್ತು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಸಮಯ ಸಾಕು. ಈ ಸಮಯವನ್ನೇ ಲೆಕ್ಕ ಹಾಕಿ ಯಂತ್ರ ಚಿತ್ರ ಬಿಡಿಸುತ್ತದೆ. ಗಾಳಿ ಈ ಧ್ವನಿಗೆ ಅಡ್ಡಿ. ಆದ್ದರಿಂದಲೇ ಎದೆಗೆ ಲೋಳೆಯಂಥ ಜೆಲ್ ಹಚ್ಚುತ್ತಾರೆ; ಶ್ವಾಸಕೋಶ ಸರಿದು ಹೃದಯ ಎದೆಗೋಡೆಗೆ ಹತ್ತಿರವಾಗಲೆಂದು ಎಡಮಗ್ಗುಲಿಗೆ ಮಲಗಿಸುತ್ತಾರೆ. ನೋವಿಲ್ಲ, ಎಕ್ಸ್‌ರೇ ವಿಕಿರಣದ ಭಯವೂ ಇಲ್ಲ.

ಡಾಪ್ಲರ್ ವಿಧಾನ ಸೇರಿದ ಮೇಲೆ ರಕ್ತದ ಹರಿವೂ ಬಣ್ಣಗಳಲ್ಲಿ ಕಾಣತೊಡಗಿತು. ಸಾಮಾನ್ಯವಾಗಿ ಉಪಕರಣದತ್ತ ಬರುವ ರಕ್ತ ಕೆಂಪು, ದೂರ ಸರಿಯುವುದು ನೀಲಿ. ಸೋರುವ ಕವಾಟ ಇಲ್ಲಿ ಸಿಕ್ಕಿಬೀಳುತ್ತದೆ.

ಭಾರತದಲ್ಲಿ ಇದರ ಬೆಲೆ ದೊಡ್ಡದು. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ಕೀಲುವಾತದ ಜ್ವರ ಕೆಲವರಲ್ಲಿ ಹೃದಯದ ಕವಾಟವನ್ನೇ ಕೆಡಿಸುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಈ ದೋಷ ಎಷ್ಟೋ ಹೆಣ್ಣುಮಕ್ಕಳಲ್ಲಿ ಬಸಿರಿನ ಹೊತ್ತಿಗೆ ಏದುಸಿರಾಗಿ ಹೊರಬೀಳುತ್ತದೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ಮೈಟ್ರಲ್ ದ್ವಾರ ಒಂದೂವರೆಗೆ ಇಳಿದರೆ ರೋಗ ತೀವ್ರ. ಬಲೂನಿನಿಂದ ಬಿಡಿಸಬಹುದೇ, ಶಸ್ತ್ರಚಿಕಿತ್ಸೆಯೇ ಬೇಕೇ ಎಂಬ ತೀರ್ಮಾನಕ್ಕೆ ಎಕೋ ಚಿತ್ರವೇ ಮುಖ್ಯ ಆಧಾರ. ಎಡ್ಲರ್ ಕೇಳಿದ ಪ್ರಶ್ನೆಯೇ ಇಂದಿಗೂ ಮೊದಲ ಪ್ರಶ್ನೆ: ಕವಾಟ ಸೋರುತ್ತಿದೆಯೇ?

ಒಂದು ಎಚ್ಚರಿಕೆ ಅಗತ್ಯ. ಹೃದಯಕ್ಕೇ ರಕ್ತ ಒದಗಿಸುವ ನಾಳಗಳ ಅಡಚಣೆಯನ್ನು ಸಾಮಾನ್ಯ ಎಕೋ ನೇರವಾಗಿ ತೋರಿಸದು. ‘ಎಕೋ ಸರಿಯಾಗಿದೆ’ ಎಂಬ ವರದಿ ಕೈಯಲ್ಲಿದ್ದರೂ ನಡೆದಾಗ ಎದೆ ಹಿಡಿದಂತಾದರೆ ವೈದ್ಯರಿಗೆ ಹೇಳಲೇಬೇಕು.