ಕಾಂಡ್ಲ ಹೋದದ್ದೆಷ್ಟು? ನಕ್ಷೆಗೂ ಗೊತ್ತಿಲ್ಲದ 25 ಸೆಂಟ್ಸ್

ಬೆಂಗ್ರೆಯಲ್ಲೋ ಉಳ್ಳಾಲದಲ್ಲೋ ಗಂಗೊಳ್ಳಿಯಲ್ಲೋ ಹೊಳೆ ಬದಿಯ ಹಿರಿಯರನ್ನು ಮಾತಿಗೆಳೆದರೆ, ಹಿಂದೆ ಇಲ್ಲೆಲ್ಲ ಕಾಂಡ್ಲ ಇತ್ತು ಅನ್ನುವ ಮಾತು ಬಾರದೆ ಇರುವುದಿಲ್ಲ. ಎಷ್ಟಿತ್ತು, ಎಷ್ಟು ಹೋಯ್ತು ಅಂತ ಕೇಳಿದರೆ ಮಾತ್ರ ನಾವೆಲ್ಲ ಸುಮ್ಮನಾಗುತ್ತೇವೆ.

ಲೆಕ್ಕ ಹಿಡಿಯಲು ದಾರಿ ಉಂಟು. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಿವೆ. 1972ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಭೂಮಿಯ ಚಿತ್ರ ತೆಗೆಯುತ್ತಲೇ ಇವೆ; 2008ರಿಂದ ಆ ಚಿತ್ರಗಳು ಎಲ್ಲರಿಗೂ ಪುಕ್ಕಟೆ. ಹಸಿರೆಲೆ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟರೆ ಕಾಂಡ್ಲ ಕಡುಗೆಂಪಾಗಿ ಎದ್ದು ಕಾಣುತ್ತದೆ. ಮಳೆಗಾಲದ ಚಿತ್ರದಲ್ಲಿ ಮೋಡವೇ ಮೋಡ, ಹಾಗಾಗಿ ಬೇಸಗೆಯದ್ದನ್ನು ಬೇಸಗೆಯದ್ದರ ಜೊತೆಗೇ ಹೋಲಿಸಬೇಕು. ಒಂದು ಉಬ್ಬರದ್ದು, ಇನ್ನೊಂದು ಇಳಿತದ್ದಾದರೆ ಲೆಕ್ಕ ತಪ್ಪಿದ ಹಾಗೆಯೇ.

ಅಂಕಿಗಳನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಗಳಲ್ಲಿ ಕರ್ನಾಟಕದ ಕಾಂಡ್ಲ 2015ರಲ್ಲಿ 3 ಚದರ ಕಿ.ಮೀ., 2017ರಲ್ಲಿ 10, 2021ರಲ್ಲಿ 13. ಗಿಡ ನೆಟ್ಟದ್ದು ನಿಜ. ಆದರೆ ಎರಡೇ ವರ್ಷದಲ್ಲಿ ಮೂರು ಪಟ್ಟು? ಗಿಡ ಬೆಳೆದದ್ದಕ್ಕಿಂತ ನೋಡುವ ಕಣ್ಣು ಚುರುಕಾದದ್ದೇ ಹೆಚ್ಚು ಅಂತ ನಮಗನ್ನಿಸುತ್ತದೆ.

ಇನ್ನೊಂದು ತೊಡಕು. ಆ ಸಮೀಕ್ಷೆ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆಗಿಂತ ಚಿಕ್ಕ ತುಂಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಳೆ ಬದಿಯ ಕಾಂಡ್ಲ ಎಷ್ಟೋ ಕಡೆ ರಿಬ್ಬನ್ನಿನಂಥ ಪಟ್ಟಿ. ಮಣ್ಣು ತುಂಬಿಸಿ, ತಡೆಗೋಡೆ ಕಟ್ಟಿ ಅದು ಮಾಯವಾದರೂ ವರದಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಮೊದಲೇ ಲೆಕ್ಕದಲ್ಲಿ ಇರಲಿಲ್ಲ ಅಲ್ವಾ! ಅದರ ಬೇರಿನಡಿ ಬೆಳೆಯುತ್ತಿದ್ದ ಸಿಗಡಿ, ಏಡಿ ಕಡಿಮೆಯಾದದ್ದು ಗೊತ್ತಾಗುವುದು ಬಲೆ ಹಾಕುವವರಿಗೆ ಮಾತ್ರ.

ಕಾನೂನು ಚಿಕ್ಕದನ್ನೂ ನೋಡುತ್ತದೆ. ಸಿಆರ್‌ಝಡ್ ನಿಯಮದಂತೆ 1,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 25 ಸೆಂಟ್ಸ್ ಮೀರಿದ ಕಾಂಡ್ಲಕ್ಕೆ 50 ಮೀಟರ್ ಬಫರ್ ವಲಯ ಬಿಡಬೇಕು. 2019ರ ಅಧಿಸೂಚನೆ ಖಾಸಗಿ ಜಾಗಕ್ಕೆ ಇದರಿಂದ ವಿನಾಯಿತಿ ಕೊಟ್ಟಿದೆ, ಅದು ಬೇರೆ ಸಂಕಟ. ಆದರೆ ಆ ತುಂಡು ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಇಲ್ಲದಿದ್ದರೆ ವಾದ ಮಾಡುವುದೇ ಕಷ್ಟ. ಕರಡು ನಕ್ಷೆಯನ್ನು ಅಂತಿಮಗೊಳಿಸುವ ಮೊದಲು ಸಾರ್ವಜನಿಕರ ಆಕ್ಷೇಪ ಕೇಳುತ್ತಾರೆ. ಆಗ ಅಜ್ಜಂದಿರ ನೆನಪೊಂದೇ ಸಾಲದು. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ತೆಗೆದು, ಜಾಗದ ಸರ್ವೆ ನಂಬರ್ ಬರೆದು ಅರ್ಜಿಗೆ ಲಗತ್ತಿಸಬೇಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಜೆಯಲ್ಲಿ ಮಾಡಿ ಮುಗಿಸುವ ಕೆಲಸ.