ಸದಿಶವೂ ಚತುರ್ಭುಜವೂ

ಯಾವುದಾದರೊಂದು ಚತುರ್ಭುಜದ ನಾಲ್ಕು ಭುಜಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಜೋಡಿಸಿದರೆ ಸಮಾಂತರ ಚತುರ್ಭುಜವೊಂದು ದೊರೆಯುತ್ತದೆ. ಮೂಲದ ಆಕೃತಿ ಎಷ್ಟೇ ಓರೆಕೋರೆಯಾಗಿದ್ದರೂ ಈ ಮಾತಿಗೆ ಬಾಧೆಯಿಲ್ಲ. ಫ್ರಾನ್ಸಿನ ಗಣಿತಜ್ಞ ಪಿಯೆರ್ ವಾರಿನ್ಯೋನ್ (1654–1722) ಹೆಸರಿನ ಈ ಪ್ರಮೇಯವು ಅವನ ಮರಣಾನಂತರ, 1731ರಲ್ಲಿ ಅಚ್ಚಾಯಿತು.

ಶಾಲೆಯಲ್ಲಿ ಇದನ್ನು ಸಾಧಿಸುವಾಗ ಕರ್ಣವನ್ನೆಳೆದು, ಎರಡು ತ್ರಿಭುಜಗಳನ್ನು ಮಾಡಿ, ಮಧ್ಯಬಿಂದು ಪ್ರಮೇಯವನ್ನು ಎರಡು ಸಲ ಬಳಸುವುದು ರೂಢಿ. ಆ ಸಾಧನೆ ನಿರ್ದುಷ್ಟವಾದುದು, ಚೆಲುವಾದುದು. ಆದರೆ ಕರ್ಣವನ್ನೇ ಏಕೆ ಎಳೆಯಬೇಕೆಂಬುದು ಹೊಳೆಯದ ವಿದ್ಯಾರ್ಥಿಗೆ ಬಾಯಿಪಾಠವೊಂದೇ ಗತಿ. ಸದಿಶವು ನೆರವಿಗೆ ಬರುವುದು ಇಲ್ಲಿಯೇ.

ಸದಿಶವೆಂದರೆ ದಿಶೆಯಿಂದ ಕೂಡಿದ್ದು. ಮರಾಠಿಯಲ್ಲಿಯೂ ಇದೇ ಪದ. (ಚತುರ್ಭುಜದ ವಿಷಯದಲ್ಲಿ ಮಾತ್ರ ದಾರಿ ಬೇರೆ: ಮರಾಠಿ ಕೋನಗಳನ್ನೆಣಿಸಿ ಚೌಕೋನವೆನ್ನುತ್ತದೆ, ಕನ್ನಡ ಭುಜಗಳನ್ನೆಣಿಸುತ್ತದೆ.) ಇಂಗ್ಲಿಷಿನ ವೆಕ್ಟರ್ ಲ್ಯಾಟಿನ್ ಮೂಲದ್ದು, ಅಲ್ಲಿ ಅದಕ್ಕೆ ಹೊತ್ತೊಯ್ಯುವವನು ಎಂದರ್ಥ. ಎರಡು ಅರ್ಥಗಳನ್ನೂ ಕೂಡಿಸಿದರೆ ಕಲ್ಪನೆ ತಿಳಿಯಾಗುತ್ತದೆ. ಇಂಥ ದಿಕ್ಕಿನಲ್ಲಿ ಇಷ್ಟು ದೂರ ಒಯ್ಯುವುದು ಸದಿಶ. ಎರಡು ಸದಿಶಗಳು ಸಮವೆಂದರೆ ದೂರವೂ ಒಂದೇ, ದಿಕ್ಕೂ ಒಂದೇ. ಬೇರೆಬೇರೆಯಾಗಿ ಸಾಧಿಸಬೇಕಾದ ಸಮತೆ ಮತ್ತು ಸಮಾಂತರತೆಗಳು ಹೀಗೆ ಒಂದೇ ಸಮೀಕರಣದಲ್ಲಿ ಅಡಗುತ್ತವೆ.

ಅಬಕಡ ಎಂಬ ಚತುರ್ಭುಜವಿರಲಿ. ಅಬ, ಬಕ, ಕಡ, ಡಅ ಭುಜಗಳ ಮಧ್ಯಬಿಂದುಗಳು ಕ್ರಮವಾಗಿ ಪ, ಮ, ಯ, ರ ಆಗಿರಲಿ. ಅಬ, ಬಕಗಳನ್ನು ಪೂರ್ತಿ ನಡೆದವನು ಅ ಬಿಂದುವಿನಿಂದ ಕ ಬಿಂದುವಿಗೆ ತಲುಪುತ್ತಾನೆ. ಪ ಬಿಂದುವಿನಿಂದ ಮ ಬಿಂದುವಿಗೆ ಹೋಗುವವನು ಅಬದ ಉಳಿದರ್ಧ, ಬಕದ ಮೊದಲರ್ಧ ನಡೆಯುತ್ತಾನೆ. ಅವನ ಒಟ್ಟು ಚಲನೆ ಅಕದ ಅರ್ಧ. ಆದ್ದರಿಂದ ಪಮ = ½ ಅಕ. ಅತ್ತ ರ ಬಿಂದುವಿನಿಂದ ಡ ಮೂಲಕ ಯ ಬಿಂದುವಿಗೆ ಹೋಗುವವನೂ ಅಡ, ಡಕಗಳ ಅರ್ಧರ್ಧ ನಡೆಯುವುದರಿಂದ ರಯ = ½ ಅಕ. ಅಲ್ಲಿಗೆ ಪಮ = ರಯ; ಎದುರುಬದುರಿನ ಭುಜಗಳು ಸಮ ಹಾಗೂ ಸಮಾಂತರ. ಯಾರೂ ಎಳೆಯದ ಕರ್ಣವು ಇಲ್ಲಿ ತಾನಾಗಿಯೇ ಬಂದಿತು.

ನಾಲ್ಕು ಬಿಂದುಗಳು ಒಂದೇ ಸಮತಲದಲ್ಲಿವೆಯೆಂದು ಈ ಸಾಧನೆ ಎಲ್ಲಿಯೂ ಹೇಳಿಲ್ಲವೆಂಬುದನ್ನು ಗಮನಿಸಬೇಕು. ಚೌಕಟ್ಟು ತಿರುಚಿ ಒಂದು ಮೂಲೆ ಮೇಲೆದ್ದ ಹಳೆಯ ಹೊರಸಿನ ನಾಲ್ಕು ಪಟ್ಟಿಗಳ ನಡುವಿನಿಂದ ನಡುವಿಗೆ ದಾರ ಬಿಗಿದರೆ, ಹೊರಸು ಸೊಟ್ಟಗಿದ್ದರೂ ದಾರದ ಆಕೃತಿ ಸಪಾಟಾದ ಸಮಾಂತರ ಚತುರ್ಭುಜವೇ ಆಗಿರುತ್ತದೆ. ಕಾಗದದ ಚಿತ್ರವನ್ನೇ ನಂಬಿದವನಿಗೆ ಇದು ಹೊಳೆಯುವುದು ಕಷ್ಟ.

ಲಂಬತೆಯನ್ನು ಸಾಧಿಸಲು ಅದಿಶ ಗುಣಲಬ್ಧ ಬೇಕು. ಪರಸ್ಪರ ಲಂಬವಾದ ಸದಿಶಗಳಿಗೆ ಅದರ ಬೆಲೆ ಸೊನ್ನೆ. ಸಮಾಂತರ ಚತುರ್ಭುಜದ ಅಕ್ಕಪಕ್ಕದ ಭುಜಗಳು ಗ, ಜ ಎಂಬ ಸದಿಶಗಳಾದರೆ ಕರ್ಣಗಳು ಗ + ಜ ಮತ್ತು ಗ − ಜ. ಇವುಗಳ ಅದಿಶ ಗುಣಲಬ್ಧವು ಗ, ಜಗಳ ಉದ್ದದ ವರ್ಗಗಳ ವ್ಯತ್ಯಾಸ. ವಜ್ರಾಕೃತಿಯಲ್ಲಿ ಭುಜಗಳು ಸಮವಾದ್ದರಿಂದ ಅದು ಸೊನ್ನೆ, ಕರ್ಣಗಳು ಲಂಬ. ಭುಜಗಳು ಸಮವಲ್ಲದಿದ್ದರೆ ಸೊನ್ನೆ ಬಾರದು. ಆದುದರಿಂದ ಇದರ ವಿಲೋಮವೂ ಅದೇ ಸಾಲಿನಲ್ಲಿ ಸಾಧಿತವಾಗುತ್ತದೆ.