ಶೋಲೆ ಚಿತ್ರದ ಧ್ವನಿಮುದ್ರಿಕೆಗಳು ಮತ್ತು ಅವುಗಳ ಮಹತ್ವದ ಕುರಿತ ಚರ್ಚೆ

ಶೋಲೆ ಚಿತ್ರದ ಧ್ವನಿಮುದ್ರಿಕೆಗಳು ಎಂದರೆ 1975ರ ಆಗಸ್ಟ್ 15ರಂದು ತೆರೆಕಂಡ ಹಿಂದಿ ಚಲನಚಿತ್ರ 'ಶೋಲೆ'ಗೆ ಸಂಬಂಧಿಸಿದಂತೆ ಪಾಲಿಡಾರ್ ಸಂಸ್ಥೆಯು ಹೊರತಂದ ಗ್ರಾಮಫೋನ್ ತಟ್ಟೆಗಳು. ಇವುಗಳಲ್ಲಿ ಎರಡು ಬಗೆ. ಒಂದು, ರಾಹುಲ್ ದೇವ್ ಬರ್ಮನ್ ಸಂಗೀತ ಸಂಯೋಜಿಸಿ ಆನಂದ್ ಬಕ್ಷಿ ಸಾಹಿತ್ಯ ಒದಗಿಸಿದ ಹಾಡುಗಳ ಮುದ್ರಿಕೆ. ಇನ್ನೊಂದು, ಸಲೀಂ-ಜಾವೇದ್ ಜೋಡಿ ಬರೆದ ಸಂಭಾಷಣೆಗಳ ಮುದ್ರಿಕೆ. ಚಿತ್ರದ ಬಹುಭಾಗ ಚಿತ್ರೀಕರಣಗೊಂಡದ್ದು ಕರ್ನಾಟಕದ ರಾಮನಗರದ ಬಂಡೆಬೆಟ್ಟಗಳ ನಡುವೆ. ಈ ಮುದ್ರಿಕೆಗಳು, ಅದರಲ್ಲೂ ಹಾಡುಗಳ ಮುದ್ರಿಕೆ, ತನ್ನ ಯೋಗ್ಯತೆಗೆ ಮೀರಿದ ಕೀರ್ತಿಯನ್ನು ಪಡೆದಿದೆಯೇ ಎಂಬುದು ಹಳೆಯ ಚಿತ್ರಸಂಗೀತದ ಕೇಳುಗರಲ್ಲಿ ದೀರ್ಘಕಾಲದಿಂದ ನಡೆದುಬಂದಿರುವ ವಾದ.

ಹಿನ್ನೆಲೆ

ಚಿತ್ರೀಕರಣವು 1973ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಕಥೆಯಲ್ಲಿ ಬರುವ 'ರಾಮಗಢ' ಎಂಬ ಕಾಲ್ಪನಿಕ ಹಳ್ಳಿಯನ್ನು ಕಲಾ ನಿರ್ದೇಶಕ ರಾಮ್ ಯೆಡೇಕರ್ ರಾಮನಗರದ ಬಳಿಯ ಬೆಟ್ಟಗಳ ತಪ್ಪಲಿನಲ್ಲಿ ಕಟ್ಟಿ ನಿಲ್ಲಿಸಿದರು. ಹೆದ್ದಾರಿಯಿಂದ ಅಲ್ಲಿಗೆ ತಲುಪಲು ಚಿತ್ರತಂಡವೇ ರಸ್ತೆ ಮಾಡಿಸಬೇಕಾಯಿತು. ದ್ವಾರಕಾ ದಿವೇಚಾ ಛಾಯಾಗ್ರಾಹಕರಾಗಿದ್ದರು. ಕೆಲಸ ಎಷ್ಟು ನಿಧಾನವಾಗಿ ಸಾಗಿತೆಂಬುದಕ್ಕೆ ಒಂದೇ ನಿದರ್ಶನ ಸಾಕು: 'ಯೇ ದೋಸ್ತಿ' ಎಂಬ ಸುಮಾರು ಐದು ನಿಮಿಷದ ಹಾಡಿನ ಚಿತ್ರೀಕರಣಕ್ಕೆ 21 ದಿನಗಳು ಹಿಡಿದವು. ವಿಧವೆ ರಾಧಾ ದೀಪ ಹಚ್ಚುವ, ಜೈ ಮೌತ್ ಆರ್ಗನ್ ನುಡಿಸುವ ಚಿಕ್ಕ ದೃಶ್ಯಗಳಿಗೆ, ಬೇಕಾದ ಸಂಜೆಯ ಬೆಳಕು ಸಿಗದೆ, 20 ದಿನ ಬೇಕಾಯಿತು. ಮೂಲ ಚಿತ್ರಿಕೆಯನ್ನು 35 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದು, ಅನಂತರ 70 ಮಿಲಿಮೀಟರಿಗೆ ಹಿಗ್ಗಿಸಲಾಯಿತು. ಜೊತೆಗೆ ಸ್ಟೀರಿಯೊಫೋನಿಕ್ ಧ್ವನಿಯನ್ನೂ ಅಳವಡಿಸಲಾಯಿತು. ಈ ಕೊನೆಯ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಚರ್ಚೆಗೆ ಅದು ಮುಖ್ಯ.

ಹಾಡುಗಳ ಮುದ್ರಿಕೆ

ಚಿತ್ರದಲ್ಲಿ ಬಳಕೆಯಾದ ಹಾಡುಗಳು ಐದು. ಕಿಶೋರ್ ಕುಮಾರ್ ಮತ್ತು ಮನ್ನಾ ಡೇ ಹಾಡಿದ 'ಯೇ ದೋಸ್ತಿ', ಕಿಶೋರ್ ಕುಮಾರ್ ಮತ್ತು ಲತಾ ಮಂಗೇಶ್ಕರ್ ಹಾಡಿದ 'ಹೋಲಿ ಕೇ ದಿನ್', ಕಿಶೋರ್ ಕುಮಾರರೊಂದಿಗೆ ನಟಿ ಹೇಮಾ ಮಾಲಿನಿಯ ಮಾತುಗಳೂ ಸೇರಿರುವ 'ಕೋಯಿ ಹಸೀನಾ', ಲತಾ ಅವರ 'ಜಬ್ ತಕ್ ಹೈ ಜಾನ್' ಹಾಗೂ ಸ್ವತಃ ಬರ್ಮನ್ ಹಾಡಿದ 'ಮೆಹಬೂಬಾ ಮೆಹಬೂಬಾ'. 'ಯೇ ದೋಸ್ತಿ'ಯ ಒಂದು ಶೋಕರೂಪವೂ ಉಂಟು. ಇವಲ್ಲದೆ ಒಂದು ಕವ್ವಾಲಿಯನ್ನು ಕಿಶೋರ್ ಕುಮಾರ್, ಮನ್ನಾ ಡೇ, ಭೂಪಿಂದರ್ ಸಿಂಗ್ ಹಾಗೂ ಗೀತರಚನಕಾರ ಬಕ್ಷಿ ಒಟ್ಟಾಗಿ ಹಾಡಿದ್ದರು. ಅದು ಚಿತ್ರದಲ್ಲಿ ಸೇರಲಿಲ್ಲ.

ಮುದ್ರಿಕೆಯ ಐದು ಲಕ್ಷ ಪ್ರತಿಗಳು ಮಾರಾಟವಾದವೆಂಬ ಲೆಕ್ಕವನ್ನು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. ಹಾಗಿದ್ದರೂ ವಿಮರ್ಶಕರ ಮೆಚ್ಚುಗೆ ಅಷ್ಟಾಗಿ ದೊರೆಯಲಿಲ್ಲ. ಫಿಲ್ಮ್‌ಫೇರ್ ಪ್ರಶಸ್ತಿಗೆ ಚಿತ್ರವು ಹಲವು ವಿಭಾಗಗಳಲ್ಲಿ ನಾಮಕರಣಗೊಂಡಿದ್ದು, ಅವುಗಳಲ್ಲಿ ಸಂಗೀತ, ಗೀತರಚನೆ ಮತ್ತು ಗಾಯನವೂ ಸೇರಿದ್ದವು. ಆದರೆ ಗೆದ್ದದ್ದು ಎಂ. ಎಸ್. ಶಿಂಧೆ ಅವರ ಸಂಕಲನಕ್ಕೆ ಬಂದ ಒಂದೇ ಪ್ರಶಸ್ತಿ. ಆ ವರ್ಷದ ಸಂಗೀತ ಪ್ರಶಸ್ತಿ 'ಜೂಲಿ' ಚಿತ್ರಕ್ಕಾಗಿ ರಾಜೇಶ್ ರೋಶನ್ ಅವರಿಗೆ ಸಂದಿತು.

ಸಂಭಾಷಣೆಗಳ ಮುದ್ರಿಕೆ

ಚಿತ್ರವು ಮೊದಲ ವಾರಗಳಲ್ಲಿ ನಿರೀಕ್ಷಿತ ಯಶಸ್ಸು ಕಾಣಲಿಲ್ಲ. ನೋಡಿದವರ ಬಾಯಿಮಾತಿನಿಂದ ಕ್ರಮೇಣ ಜನ ಸೇರತೊಡಗಿದರು. ಹಾಗೆ ಬಂದವರು ಹೊರಗೆ ಹೋಗುವಾಗ ಗುನುಗುತ್ತಿದ್ದದ್ದು ಹಾಡುಗಳನ್ನಲ್ಲ, ಮಾತುಗಳನ್ನು. ಇದನ್ನು ಕಂಡುಕೊಂಡ ಮೇಲೆ ಸಂಭಾಷಣೆಗಳನ್ನೇ ಒಂದು ಸ್ವತಂತ್ರ ಮುದ್ರಿಕೆಯಾಗಿ ಹೊರತರಲಾಯಿತು. ಒಂದು ಹಿಂದಿ ಚಿತ್ರದ ಮಾತುಗಳನ್ನು ಈ ಪ್ರಮಾಣದಲ್ಲಿ ಮಾರಾಟಕ್ಕಿಟ್ಟದ್ದು ಆಗ ಹೊಸ ಸಾಹಸ. ಅದು 1970ರ ದಶಕದ ಅತ್ಯಂತ ಹೆಚ್ಚು ಮಾರಾಟವಾದ ಚಲನಚಿತ್ರ ಮುದ್ರಿಕೆಗಳಲ್ಲಿ ಒಂದಾಯಿತು.

ಇಲ್ಲೊಂದು ವಿಪರ್ಯಾಸವಿದೆ. ಡಕಾಯಿತ ಗಬ್ಬರ್ ಸಿಂಗ್‌ನ ಪಾತ್ರಕ್ಕೆ ಅಮ್ಜದ್ ಖಾನ್ ಹೆಸರು ಬಂದಾಗ, ಅವರ ಕಂಠ ಆ ಪಾತ್ರಕ್ಕೆ ಸಾಲದು ಎಂಬ ಅಳುಕು ವ್ಯಕ್ತವಾಗಿತ್ತು. ಕೊನೆಗೆ ತಟ್ಟೆಯನ್ನು ಮಾರಿದ್ದೇ ಆ ಕಂಠ. ಮಕ್ಕಳ ತಿನಿಸಾದ ಬ್ರಿಟಾನಿಯಾ ಗ್ಲೂಕೋಸ್-ಡಿ ಬಿಸ್ಕತ್ತಿನ ಜಾಹೀರಾತಿಗೆ ಒಬ್ಬ ಖಳನಾಯಕನನ್ನೇ ತರುವಷ್ಟರ ಮಟ್ಟಿಗೆ ಅದು ಮನೆಮಾತಾಯಿತು.

ಕನ್ನಡ ಪ್ರದೇಶದಲ್ಲಿ ಸಂಭಾಷಣೆಗಳ ಶ್ರವಣ

ಕನ್ನಡ ಚಿತ್ರರಂಗದ ನಿಲುವಿನಿಂದಾಗಿ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವ ಪದ್ಧತಿ ದಶಕಗಳ ಕಾಲ ಇರಲಿಲ್ಲ. ಆದ್ದರಿಂದ ಇಲ್ಲಿನವರು 'ಶೋಲೆ'ಯನ್ನು ಹಿಂದಿಯಲ್ಲೇ ಕೇಳಿದರು. ರಾಮನಗರ, ಚನ್ನಪಟ್ಟಣಗಳಲ್ಲಿ ದಖನಿ ಉರ್ದು ಮನೆಮಾತಾಗಿರುವ ಕುಟುಂಬಗಳು ಬಹಳ. ರೇಷ್ಮೆ ನೂಲು ಬಿಚ್ಚುವ ಕಸುಬಿನಲ್ಲಿ ಅವರ ಪಾಲು ದೊಡ್ಡದು. ಅಂಥವರಿಗೆ ಚಿತ್ರದ ಉರ್ದುಮಿಶ್ರಿತ ಹಿಂದಿ ಅಪರಿಚಿತವಲ್ಲ. ಉಳಿದವರಿಗೆ ಅರ್ಥ ಅರ್ಧಂಬರ್ಧ, ಧ್ವನಿ ಮಾತ್ರ ಪೂರ್ತಿ.

ಮಾತನ್ನು ಧ್ವನಿಗಾಗಿಯೇ ಕೇಳುವುದು ಈ ಭಾಗಕ್ಕೆ ಹೊಸತೇನೂ ಆಗಿರಲಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕಗಳನ್ನು ಊರಿನವರೇ ಕಲಿತು ರಾತ್ರಿಯಿಡೀ ಆಡುತ್ತಾರೆ. ಕಥೆ ಎಲ್ಲರಿಗೂ ಗೊತ್ತು. ದುರ್ಯೋಧನನ ಪಾತ್ರಧಾರಿ ಮಾತನ್ನು ಎಲ್ಲಿ ತಡೆದು ಎಲ್ಲಿ ಬಿಡುತ್ತಾನೆಂಬುದನ್ನು ನೋಡಲು ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಗುರುರಾಜುಲು ನಾಯ್ಡು ಅವರ ಹರಿಕಥೆಯ ಕ್ಯಾಸೆಟ್ಟುಗಳನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದ ಶ್ರೋತೃವರ್ಗವೂ ಇದೇ. ಗಬ್ಬರ್ ತನ್ನ ಸೋತುಬಂದ ಸಹಚರರನ್ನು ವಿಚಾರಿಸುವ ದೃಶ್ಯದ ಬಲವಿರುವುದು ಮಾತುಗಳ ನಡುವಣ ವಿರಾಮದಲ್ಲಿ, ಬೂಟಿನ ಸಪ್ಪಳದಲ್ಲಿ, ನಗೆಯಲ್ಲಿ. ಇದನ್ನು ತಟ್ಟೆಯಲ್ಲಿ ಕೇಳಿ ಸವಿಯುವುದಕ್ಕೆ ಬೇಕಾದ ಕಿವಿ ನಮ್ಮ ನಾಟಕದ ಕೇಳುಗರಲ್ಲಿ ಮೊದಲೇ ಸಿದ್ಧವಾಗಿತ್ತೆಂದು ಹೇಳಬಹುದು.

ಅತಿಯಾದ ಹೊಗಳಿಕೆ ಎಂಬ ವಾದ

ಹಾಡುಗಳ ಮುದ್ರಿಕೆಯನ್ನು ಆಕ್ಷೇಪಿಸುವವರಲ್ಲಿ ಹೆಚ್ಚಿನವರು ಬರ್ಮನ್ ಅವರ ವಿರೋಧಿಗಳಲ್ಲ, ಅಭಿಮಾನಿಗಳೇ. 'ಕಟೀ ಪತಂಗ್' (1971), 'ಅಮರ್ ಪ್ರೇಮ್' (1972) ಚಿತ್ರಗಳನ್ನೂ, 'ಶೋಲೆ'ಯ ವರ್ಷದಲ್ಲೇ ಬಂದ 'ಆಂಧಿ'ಯನ್ನೂ ಮುಂದಿಟ್ಟು, ಇವುಗಳೆದುರು 'ಶೋಲೆ'ಯ ಹಾಡುಗಳು ನಿಲ್ಲುವವೇ ಎಂದು ಅವರು ಕೇಳುತ್ತಾರೆ. 'ಆಂಧಿ'ಯ ಹಾಡುಗಳನ್ನು ಚಿತ್ರ ನೋಡದವರೂ ಹಾಡಿಕೊಳ್ಳುತ್ತಾರೆ. 'ಕೋಯಿ ಹಸೀನಾ'ವನ್ನು ಟಾಂಗಾ ಇಲ್ಲದೆ ಕಲ್ಪಿಸಿಕೊಳ್ಳುವುದು ಕಷ್ಟ.

ಎರಡನೆಯ ಆಕ್ಷೇಪ ಸ್ವಂತಿಕೆಯ ಕುರಿತಾದದ್ದು. 'ಮೆಹಬೂಬಾ'ದ ರಾಗವು ಗ್ರೀಕ್ ಗಾಯಕ ಡೆಮಿಸ್ ರೂಸೋಸ್ ಹಾಡಿದ್ದ 'ಸೇ ಯೂ ಲವ್ ಮಿ' ಎಂಬ ಗೀತೆಯನ್ನು ಆಧರಿಸಿದ್ದು. ಮುದ್ರಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗದ್ದಲ ಮಾಡಿದ ಹಾಡೇ ಎರವಲಿನದ್ದಾದರೆ ಹೊಗಳಿಕೆ ಯಾರಿಗೆ ಸಲ್ಲಬೇಕೆಂಬುದು ಪ್ರಶ್ನೆ. (ಆ ಉಬ್ಬಸದ, ಒರಟು ಗಾಯನ ಮಾತ್ರ ಬರ್ಮನ್ ಅವರದ್ದೇ, ಅದನ್ನು ಎರವಲೆಂದು ಯಾರೂ ಹೇಳಲಾರರು.) ಮೂರನೆಯದು ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ: ಬರ್ಮನ್ ಅವರ ಸಂಗೀತದೊಂದಿಗೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿದ್ದ ಆಶಾ ಭೋಸ್ಲೆಯವರ ಧ್ವನಿ ಈ ಐದು ಹಾಡುಗಳಲ್ಲಿ ಒಂದರಲ್ಲಿಯೂ ಇಲ್ಲ.

ಸಮರ್ಥನೆಯ ವಾದ

ಸಮರ್ಥಕರು ಹಾಡುಗಳನ್ನು ಒಂದೊಂದಾಗಿ ತೂಗುವ ಕ್ರಮವನ್ನೇ ಒಪ್ಪುವುದಿಲ್ಲ. ಅವರ ಪ್ರಕಾರ 'ಶೋಲೆ'ಯ ಸಂಗೀತವೆಂದರೆ ಹಾಡು, ಹಿನ್ನೆಲೆ ಸಂಗೀತ, ಸದ್ದು, ಮೌನ ಎಲ್ಲವೂ ಸೇರಿದ ಒಂದು ಕಟ್ಟಡ. ಶೀರ್ಷಿಕೆ ಸಂಗೀತದಲ್ಲಿ ಗಿಟಾರು ಕುದುರೆಯ ನಡೆಯೊಡನೆ ಸಾಗಿ ಬಂಡೆಗಳ ವಿಸ್ತಾರವನ್ನು ತೆರೆದು ತೋರಿಸುತ್ತದೆ. ಭಾನು ಗುಪ್ತಾ ನುಡಿಸಿದ ಮೌತ್ ಆರ್ಗನ್ನಿನ ಚಿಕ್ಕ ಸ್ವರಗುಚ್ಛವು ಜೈ ಮತ್ತು ರಾಧಾ ನಡುವೆ ಆಡದೆ ಉಳಿದ ಮಾತುಗಳ ಸ್ಥಾನವನ್ನು ತುಂಬುತ್ತದೆ. ಠಾಕೂರನ ಕುಟುಂಬದ ಹತ್ಯೆಯ ದೃಶ್ಯದಲ್ಲಿ ವಾದ್ಯಗಳಿಗೆ ಕೆಲಸವಿಲ್ಲ. ಜೋಕಾಲಿಯ ಕಿರುಗುಟ್ಟುವಿಕೆಯೇ ಸಾಕಾಗಿದೆ. 'ಯೇ ದೋಸ್ತಿ' ಮೊದಲು ಬೈಕಿನ ಮೇಲೆ ಉಲ್ಲಾಸವಾಗಿ ಬಂದದ್ದರಿಂದಲೇ ಕೊನೆಯಲ್ಲಿ ಶೋಕವಾಗಿ ಬಂದಾಗ ಎದೆಗೆ ನಾಟುತ್ತದೆ. ಬಿಡಿ ಹಾಡಾಗಿ ಕೇಳಿದವರಿಗೆ ಈ ಹಿಂತಿರುಗುವಿಕೆಯ ಬೆಲೆ ತಿಳಿಯದು.

ಈ ವಾದಕ್ಕೆ ಒಂದು ತೊಡಕಿದೆ. ಹಿನ್ನೆಲೆ ಸಂಗೀತದ ಬಹುಪಾಲು ಹಾಡುಗಳ ತಟ್ಟೆಯಲ್ಲಿ ಇಲ್ಲವೇ ಇಲ್ಲ. 70 ಮಿಲಿಮೀಟರ್ ಪರದೆಯ ಚಿತ್ರಮಂದಿರದಲ್ಲಿ, ಸುತ್ತಲಿಂದ ಬರುವ ಧ್ವನಿಯಲ್ಲಿ ಕೇಳಿದ್ದನ್ನು ನೆನಪಿನಲ್ಲಿಟ್ಟುಕೊಂಡು ಮನೆಯ ಗ್ರಾಮಫೋನಿನ ತಟ್ಟೆಯನ್ನು ಹೊಗಳಿದರೆ ಆ ಹೊಗಳಿಕೆ ವಿಳಾಸ ತಪ್ಪಿದಂತೆ. ಆಕ್ಷೇಪಕರ ಅತ್ಯಂತ ಬಲವಾದ ಅಂಶ ಇದೇ ಎನ್ನಬೇಕು.

ಪಾಶ್ಚಾತ್ಯ ರಾಕ್ ಮುದ್ರಿಕೆಗಳೊಂದಿಗೆ ಹೋಲಿಕೆ

ಇಂಥದ್ದೇ ವಾದ ಪಶ್ಚಿಮದ ರಾಕ್ ಸಂಗೀತದಲ್ಲೂ ಉಂಟು. ಅಲ್ಲಿ ಬಿಡಿ ಹಾಡುಗಳ ಸಂಗ್ರಹವಾಗಿರದೆ ಒಂದೇ ವಸ್ತು ಅಥವಾ ಕಥೆಯ ಸುತ್ತ ಹೆಣೆದು ಮೊದಲಿನಿಂದ ಕೊನೆಯವರೆಗೆ ಕೇಳಬೇಕಾದ ಮುದ್ರಿಕೆಯನ್ನು ಕಾನ್ಸೆಪ್ಟ್ ಆಲ್ಬಂ ಎನ್ನುತ್ತಾರೆ. ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' (1967), ದ ಹೂ ತಂಡದ 'ಟಾಮಿ' (1969), ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಇದರ ಪ್ರಸಿದ್ಧ ಉದಾಹರಣೆಗಳು. ಇವೂ ಯೋಗ್ಯತೆಗೆ ಮೀರಿ ಹೊಗಳಿಸಿಕೊಂಡಿವೆಯೆಂದು ವಾದಿಸುವವರು ಬಹಳ. ಬೀಟಲ್ಸ್ ಮುದ್ರಿಕೆಯಲ್ಲಿ ಮೊದಲೆರಡು ಹಾಡು ಮತ್ತು ಕೊನೆಯ ಭಾಗದ ಪುನರಾವರ್ತನೆಯನ್ನು ಬಿಟ್ಟರೆ ಒಂದೇ ವಸ್ತು ಎಂಬುದು ಎಲ್ಲಿದೆ ಎಂಬ ಪ್ರಶ್ನೆ ಅಲ್ಲಿ ಹಳೆಯದು.

ಹಿಂದಿ ಮತ್ತು ಕನ್ನಡ ಚಿತ್ರಗಳ ಹಾಡಿನ ತಟ್ಟೆಗಳು ಸಾಮಾನ್ಯವಾಗಿ ಈ ಅರ್ಥದ ಕಾನ್ಸೆಪ್ಟ್ ಆಲ್ಬಂಗಳಲ್ಲ. ಜಿ. ಕೆ. ವೆಂಕಟೇಶ್ ಸಂಗೀತದ 'ಬಂಗಾರದ ಮನುಷ್ಯ' (1972) ಚಿತ್ರದ ಹಾಡುಗಳನ್ನು ಯಾವ ಕ್ರಮದಲ್ಲಿ ಕೇಳಿದರೂ ನಷ್ಟವಿಲ್ಲ. 'ಶೋಲೆ'ಯ ಹಾಡುಗಳೂ ಹಾಗೆಯೇ. ಆದರೆ ಸಂಭಾಷಣೆಯ ಮುದ್ರಿಕೆ ಬೇರೆ ಜಾತಿಯದು. ಅದರಲ್ಲಿ ಸೂಜಿಯನ್ನು ನಡುವೆ ಎತ್ತಿ ಇನ್ನೆಲ್ಲೋ ಇಟ್ಟರೆ ಕಥೆ ಕೆಡುತ್ತದೆ. ಕ್ರಮವಾಗಿ, ಕುಳಿತು, ಪೂರ್ತಿ ಕೇಳಬೇಕೆಂದು ಬೇಡುವ ತಟ್ಟೆ ಅದು. ರಾಕ್ ಅಭಿಮಾನಿಗಳು ತಮ್ಮ ಮುದ್ರಿಕೆಗಳಿಗಾಗಿ ಹೇಳಿಕೊಳ್ಳುವ ಗುಣವನ್ನು ಭಾರತದಲ್ಲಿ ಸಾಮಾನ್ಯ ಜನರ ನಡುವೆ ಸಾಧಿಸಿದ್ದು ಹಾಡೇ ಮುಖ್ಯವಲ್ಲದ ಈ ತಟ್ಟೆ. 'ಶೋಲೆ'ಯ ಹಾಡುಗಳು ಅತಿಯಾಗಿ ಹೊಗಳಲ್ಪಟ್ಟಿವೆ ಎಂಬ ಮಾತನ್ನು ಬಹುಮಟ್ಟಿಗೆ ಒಪ್ಪಬಹುದು. ಆ ತೀರ್ಪನ್ನು ಸಂಭಾಷಣೆಯ ಮುದ್ರಿಕೆಗೂ ಹೊರಿಸುವುದು ನ್ಯಾಯವಲ್ಲ. ವಾದ ಇಷ್ಟು ವರ್ಷ ಬಗೆಹರಿಯದೆ ಉಳಿದಿರುವುದಕ್ಕೆ, ಒಂದೇ ಹೆಸರಿನಲ್ಲಿ ಎರಡು ತಟ್ಟೆಗಳನ್ನು ಕುರಿತು ಮಾತನಾಡುತ್ತಿರುವುದೂ ಒಂದು ಕಾರಣ.

ರಾಮನಗರದ ಮೇಲಿನ ಪರಿಣಾಮ

ಈ ಕೀರ್ತಿಯ ಪ್ರಶ್ನೆ ರಾಮನಗರದವರಿಗೆ ಕೇವಲ ರಸಿಕರ ಚರ್ಚೆಯಲ್ಲ. ಊರಿನ ಹೆಸರು ಹಲವು ಸಲ ಬದಲಾಗಿದೆ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದುದು ಸ್ವಾತಂತ್ರ್ಯಾನಂತರ ರಾಮನಗರವಾಯಿತು. 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳೊಂದಿಗೆ ಜಿಲ್ಲೆಯಾಯಿತು. ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಮರುನಾಮಕರಣವಾಯಿತು. ಚಿತ್ರೀಕರಣದ ನೆನಪಿಗೆ ಊರಿನ ಒಂದು ಭಾಗವನ್ನು ಕೆಲಕಾಲ ಸಿಪ್ಪಿನಗರ ಎಂದೂ ಕರೆಯಲಾಯಿತು. ಹೊರಗಿನ ಪ್ರವಾಸಿಗರಿಗಂತೂ ಇದು 'ಶೋಲೆ ಬೆಟ್ಟ'ದ ಊರು. ಅದೇ ಹೆದ್ದಾರಿಯ ಪಕ್ಕದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಈ ನೆಲದ ಹಾಡುಗಳನ್ನು ಕೇಳಬಯಸುವವರು ನಿಲ್ಲಬೇಕಾದ ಸ್ಥಳ ಅದು.

ರಾಮದೇವರ ಬೆಟ್ಟದ ಸ್ಥಿತಿ ಹೆಚ್ಚು ಸೂಕ್ಷ್ಮವಾದದ್ದು. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಈ ಬಂಡೆಗಳನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ದೇಶದಲ್ಲಿ ಇಂಥ ಧಾಮ ಇದೇ ಮೊದಲನೆಯದು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕದಿಂದ ಭಾರತದಾದ್ಯಂತ ನಶಿಸಿದ ಈ ಹಕ್ಕಿಗಳು ಇಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. 'ಶೋಲೆ'ಯ ಹೆಸರಿನಲ್ಲಿ ಬೆಟ್ಟದ ಬಳಿ ಪ್ರವಾಸೋದ್ಯಮ ಯೋಜನೆಗಳ ಪ್ರಸ್ತಾಪ ಬಂದಾಗ ಪರಿಸರಾಸಕ್ತರು ಆಕ್ಷೇಪಿಸಿದ್ದು ಇದೇ ಕಾರಣಕ್ಕೆ: ಗೂಡು ಕಟ್ಟುವ ಬಂಡೆಯ ಕೆಳಗೆ ಜನಜಂಗುಳಿಯೂ ಗದ್ದಲವೂ ಸಲ್ಲದು.

ಮರುಬಿಡುಗಡೆಗಳು

ಚಿತ್ರದ ಮೂರು ಆಯಾಮದ ರೂಪವು 2014ರ ಜನವರಿಯಲ್ಲಿ ಬಿಡುಗಡೆಯಾಯಿತು. ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರ್ ಮಂಡಳಿಯ ಒತ್ತಾಯದಿಂದ ಕೈಬಿಟ್ಟಿದ್ದ ಮೂಲ ಅಂತ್ಯವುಳ್ಳ ಪುನಃಸಂಸ್ಕರಿತ ಪ್ರತಿಯನ್ನು 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ಆ ಅಂತ್ಯದಲ್ಲಿ ಠಾಕೂರನು ಗಬ್ಬರ್‌ನನ್ನು ಪೊಲೀಸರಿಗೆ ಒಪ್ಪಿಸದೆ ತಾನೇ ಕೊಲ್ಲುತ್ತಾನೆ. ಕೇಳುಗರು ಬಲ್ಲ ಮುದ್ರಿಕೆಗಳು ಮಾತ್ರ 1975ರ ಬಿಡುಗಡೆಯ ಪ್ರತಿಯ ಕಾಲದವು.